ಪಟ್ಟದಾನೆ ಬೆಟ್ಟಪ್ಪ ಹೆಂಡ ಬಿಟ್ಟದ್ದು

ಹತ್ತಿರ ಬನ್ರೋ ಮಕ್ಕಳಾ, ಕಾಲು ಮಡಚಿ ಕೂತ್ಕೊಳ್ಳಿ. ಹುಣಸೆಪುರ ಅಂತ ಒಂದು ರಾಜ್ಯ ಇತ್ತು. ಅದಕ್ಕೆ ಸೊಗಸುರಾಯ ಅಂತ ಒಬ್ಬ ರಾಜ. ಮನುಷ್ಯ ಒಳ್ಳೆಯವನೇ. ಆದರೆ ಬೆಳಿಗ್ಗೆ ಹೆಂಡ, ಮಧ್ಯಾಹ್ನ ಹೆಂಡ, ಸಂಜೆ ಹೆಂಡ. ರಾಜ ಕುಡಿದ ಮೇಲೆ ಮಂತ್ರಿ ಬಿಟ್ಟಾನೆಯೇ? ಮಂತ್ರಿ ಕುಡಿದ ಮೇಲೆ ಪ್ರಜೆ ಬಿಟ್ಟಾನೆಯೇ? ಊರಿಗೆ ಊರೇ ತೂರಾಡುತ್ತಿತ್ತು. ಗೋಡೆಗಳಿಗೆ ಇದ್ದದ್ದು ಒಂದೇ ಕೆಲಸ, ಗಂಡಸರನ್ನು ಬೀಳದಂತೆ ಹಿಡಿದುಕೊಳ್ಳುವುದು.

ಊರಿನ ಹೆಂಡದಂಗಡಿ ಸಿಂಗಾರಯ್ಯನದು. ಅದಕ್ಕೊಂದು ಪದ್ಧತಿ ಇತ್ತು. ಯುಗಾದಿ ಕಳೆದ ಮೊದಲ ಸೋಮವಾರ ಪಟ್ಟದಾನೆ ಅಂಗಡಿಯ ಮುಂದೆ ಬರಬೇಕು. ಸಿಂಗಾರಯ್ಯ ಒಂದು ಹರವಿ ಹೆಂಡ ಇಡಬೇಕು. ಆನೆ ಕುಡಿದರೆ ಅಂಗಡಿ ವರ್ಷವಿಡೀ ತೆರೆದಿರಬಹುದು. ಮೂರು ಸಲ ಕೊಟ್ಟರೂ ಆನೆ ಬೇಡವೆಂದರೆ ಬಾಗಿಲಿಗೆ ಬೀಗ. ಆನೆ ಬೇಡ ಅಂದದ್ದು ಮಾತ್ರ ಯಾವ ಮುದುಕನಿಗೂ ನೆನಪಿರಲಿಲ್ಲ.

ಆನೆಲಾಯಕ್ಕೂ ಒಂದು ಕಟ್ಟಳೆ. ಪಟ್ಟದಾನೆಗೆ ಏನೇ ಕೊಟ್ಟರೂ ಕೊಟ್ಟವನೇ ಮೊದಲು ರುಚಿ ನೋಡಬೇಕು. ಶತ್ರುಗಳು ವಿಷ ಹಾಕಿಯಾರು ಅಂತ ಭಯ. ಆದರೆ ಸಿಂಗಾರಯ್ಯ ಹೆಂಡವನ್ನು ಬೆರಳಲ್ಲೂ ಮುಟ್ಟುವವನಲ್ಲ! ಪ್ರತಿ ವರ್ಷ ಮಾವುತ ಬೊಳ್ಳನೇ "ನಾನಿದ್ದೀನಲ್ಲಣ್ಣ" ಅಂತ ಮುಂದೆ ಬರುತ್ತಿದ್ದ. ರುಚಿ ನೋಡುತ್ತ ನೋಡುತ್ತ ಅರ್ಧ ಹರವಿ ಖಾಲಿ ಮಾಡುತ್ತಿದ್ದ. ಅವನಿಗೆ ಕುಡಿತ ಅಂಟಿದ್ದು ಹಾಗೆ.

ಬೊಳ್ಳ ಕುಡಿದು ಆನೆಯ ಮೇಲಿಂದ ಮೊದಲ ಸಲ ಬಿದ್ದ. ಆನೆ ಸೊಂಡಿಲಲ್ಲಿ ಹಿಡಿದುಕೊಂಡಿತು. ಎರಡನೇ ಸಲ ಬಿದ್ದ. ಆಗಲೂ ಹಿಡಿದುಕೊಂಡಿತು. ಮೂರನೇ ಸಲ ಬಿದ್ದದ್ದು ಯುಗಾದಿಗೆ ಸ್ವಲ್ಪ ಮುಂಚೆ, ಮೆರವಣಿಗೆಯಲ್ಲಿ; ಪದ್ಧತಿ ಅಂತ ಅವತ್ತು ಆನೆಗೂ ಕುಡಿಸಿದ್ದರು, ಅದಕ್ಕೂ ಅಮಲಾಗಿತ್ತು. ಬೊಳ್ಳನ ಕಾಲು ಮುರಿಯಿತು.

ಬೊಳ್ಳನ ಹೆಂಡತಿ ಮುದ್ದವ್ವ ಅವತ್ತು ಅಳಲಿಲ್ಲ. ಸೆರಗು ಸಿಕ್ಕಿಸಿ ಮನೆಮನೆಗೆ ಹೋದಳು. ನೂರು ಹೆಂಗಸರು ಸೇರಿದರು. ಅರಮನೆ ಬಾಗಿಲಲ್ಲಿ ಮೂರು ದಿನ ಕೂತರು. ಮೂರನೇ ದಿನ ರಾಜ ಹೊರಗೆ ಬಂದ.

"ಬುದ್ಧೀ, ಹೆಂಡದಂಗಡಿ ಮುಚ್ಚಿಸಿ," ಅಂದಳು ಮುದ್ದವ್ವ.

"ಪದ್ಧತಿ ಬಿಡೋಕಾಗುತ್ತೇನಮ್ಮ? ಆನೆ ಬೇಡ ಅಂದ್ರೆ ನಾನೂ ಬೇಡ ಅಂತೀನಿ," ಅಂದು ರಾಜ ಬಿಕ್ಕಳಿಸಿದ.

ಮುದ್ದವ್ವ ನೇರ ಆನೆಲಾಯಕ್ಕೆ ನಡೆದಳು. "ಬೆಟ್ಟಪ್ಪಾ, ನಿನಗೆ ಹೆಂಡ ಅಷ್ಟು ಇಷ್ಟವೇನೋ?"

ಆನೆ ನಿಟ್ಟುಸಿರು ಬಿಟ್ಟಿತು. ಮೇವೆಲ್ಲ ಹಾರಿಹೋಯಿತು. "ಯಾರಿಗೆ ಬೇಕವ್ವ? ಕುಡಿದರೆ ಮೂರು ದಿನ ತಲೆನೋವು. ನನ್ನ ತಲೆ ಎಷ್ಟಿದೆ ನೋಡು. ನೋವು ಎಷ್ಟಿರಬೇಡ? ಪದ್ಧತಿ ಅಂತಾರೆ, ಕುಡಿತೀನಿ."

"ನಿನ್ನ ಬೊಳ್ಳ ಇನ್ನೊಂದು ಸಲ ಬಿದ್ದರೆ ಏನು ಗತಿ?"

ಆನೆಯ ಕಣ್ಣು ತುಂಬಿ ಬಂತು. "ಅವನಿಗೂ ಅಮಲು, ನನಗೂ ಅಮಲು. ಯಾರು ಯಾರನ್ನ ಹಿಡಿಯೋದವ್ವ? ಕತ್ತಲೆ ಕವಿದ ಕಣ್ಣಲ್ಲಿ ನಾನೇ ಅವನನ್ನ ತುಳಿದುಬಿಟ್ಟರೆ? ಇನ್ನು ಮುಟ್ಟಲ್ಲ. ಆಣೆ."

ಯುಗಾದಿ ಕಳೆದು ಸೋಮವಾರ ಬಂತು. ರಾಜ ಬಂದ, ಮಂತ್ರಿ ಬಂದ, ಊರೆಲ್ಲ ಬಂತು. ಬೊಳ್ಳನ ಕಾಲು ಇನ್ನೂ ಕೂಡಿರಲಿಲ್ಲ, ಹಾಸಿಗೆ ಹಿಡಿದಿದ್ದ. ಆನೆಯನ್ನು ಕರೆತಂದವಳು ಮುದ್ದವ್ವ.

ಸಿಂಗಾರಯ್ಯ ಹರವಿ ಇಟ್ಟು ಹಿಂದೆ ಸರಿದ. ಮುದ್ದವ್ವ ತೆಂಗಿನ ಚಿಪ್ಪು ಚಾಚಿದಳು. "ಕೊಟ್ಟೋರು ಮೊದಲು ರುಚಿ ನೋಡಬೇಕಣ್ಣ."

"ನಾನಾ? ನನಗೆ... ಇವತ್ತು ಉಪವಾಸ."

"ಕಟ್ಟಳೆ ಕಟ್ಟಳೆಯೇ," ಅಂದ ರಾಜ.

ಸಿಂಗಾರಯ್ಯ ತುಟಿಗೆ ತಾಗಿಸಿದ. "ಅಷ್ಟು ಸಾಲದಣ್ಣ, ಆನೆ ದೊಡ್ಡದು," ಅಂದಳು ಮುದ್ದವ್ವ. ಅವನು ಚಿಪ್ಪು ಬರಿದು ಮಾಡಿದ, ಮುಖ ಕಿವುಚಿದ. ಆನೆ ಹರವಿ ಎತ್ತಿ ಬೀದಿಗೆ ಸುರಿಯಿತು.

ಎರಡನೇ ಹರವಿಗೆ ಬೆಲ್ಲ ಹಾಕಿ ತಂದ. ಮತ್ತೆ ಚಿಪ್ಪು, ಮತ್ತೆ ಗುಟುಕು. ಅವನ ಪೇಟ ಕಿವಿಗಿಳಿಯಿತು. ಆನೆ ಹರವಿ ಎತ್ತಿ ಮಂತ್ರಿಯ ಕಾಲ ಮೇಲೆ ಸುರಿಯಿತು.

ಮೂರನೇ ಹರವಿಗೆ ಬಾಳೆಹಣ್ಣು ಹಿಸುಕಿ ತಂದ. ಈ ಸಲ ಚಿಪ್ಪನ್ನು ಯಾರೂ ಚಾಚಲಿಲ್ಲ, ತಾನೇ ಕಿತ್ತುಕೊಂಡು ಮೂರು ಚಿಪ್ಪು ಕುಡಿದ! ಆನೆ ಹರವಿ ಎತ್ತಿ ಅವನ ತಲೆಯ ಮೇಲೇ ಸುರಿಯಿತು.

ಸಿಂಗಾರಯ್ಯ ಆನೆಯ ಕಾಲು ತಬ್ಬಿಕೊಂಡ. "ನೀನು ಜಾಣ ಕಣೋ ಬೆಟ್ಟಪ್ಪ! ಇಪ್ಪತ್ತು ವರ್ಷದಿಂದ ನಾನೂ ಇದನ್ನ ಮುಟ್ಟಿಲ್ಲ. ಯಾಕೆ ಹೇಳು? ಏನೇನು ಹಾಕ್ತೀನಿ ಅಂತ ನನಗೆ ಗೊತ್ತಲ್ಲ! ಸುಣ್ಣದ ನೀರು ಹಾಕ್ತೀನಿ, ಉಮ್ಮತ್ತಿ ಬೀಜ ಹಾಕ್ತೀನಿ, ಹಳೇ ಚಪ್ಪಲಿ ನೆನೆಹಾಕಿದ ನೀರೂ ಹಾಕ್ತೀನಿ!"

ರಾಜನ ಮುಖ ಬಿಳಿಚಿತು. "ಲೇ, ಅರಮನೆಗೆ ಬರೋದು ಬೇರೆ ತಾನೇ?"

"ಬೇರೆಯೇ ಭಾವ, ಬೇರೆಯೇ! ನಿನ್ನದಕ್ಕೆ ಉಮ್ಮತ್ತಿ ಒಂದು ಹಿಡಿ ಜಾಸ್ತಿ. ಇಲ್ಲದಿದ್ರೆ ನೀನು ಕಣ್ಣು ಬಿಟ್ಟು ರಾಜ್ಯ ನೋಡಿಬಿಡ್ತೀಯಲ್ಲ!"

ಹೆಂಗಸರು ನಕ್ಕ ನಗುವಿಗೆ ಅಂಗಡಿಯ ಹೆಂಚು ಅಲುಗಿತು. ರಾಜ ನಗಲಿಲ್ಲ. ತನ್ನ ಕೈಯಾರೆ ಬಾಗಿಲಿಗೆ ಬೀಗ ಹಾಕಿದ. ಅಮಲಿಳಿದ ಮೇಲೆ ಸಿಂಗಾರಯ್ಯನಿಗೆ ಆನೆಲಾಯದ ಲದ್ದಿ ಎತ್ತುವ ಕೆಲಸ ಸಿಕ್ಕಿತು. ಆನೆಯ ಲದ್ದಿ ಎಷ್ಟಿರುತ್ತೆ, ನೀವೇ ಯೋಚನೆ ಮಾಡಿ.

ಆಮೇಲೆ ಊರ ಗಂಡಸರೆಲ್ಲ ಆನೆಯ ಮುಂದೆ ಸಾಲಾಗಿ ನಿಂತರು. ಸೊಂಡಿಲು ಮುಟ್ಟಿ "ಇನ್ನು ಕುಡಿಯಲ್ಲ" ಅಂತ ಆಣೆ ಇಡಬೇಕು. ಕೋಲೂರಿಕೊಂಡು ಬಂದ ಬೊಳ್ಳ ಎಲ್ಲರಿಗಿಂತ ಮುಂದೆ. ಅವನ ಹಿಂದೆ ರಾಜ. ಬೊಳ್ಳ ಆಣೆಗೆ ಬಾಯಿ ತೆರೆದ. ಆನೆ ಆ ಬಾಯಿ ಮೂಸಿ ಮುಖ ತಿರುಗಿಸಿತು. ಮಂಚದ ಕೆಳಗೆ ಒಂದು ಕುಡಿಕೆ ಬಚ್ಚಿಟ್ಟಿದ್ದನಲ್ಲ! ರಾಜನನ್ನೂ ಮೂಸಿ ಮುಖ ತಿರುಗಿಸಿತು. ಎರಡನೇ ದಿನವೂ ಹಾಗೇ ಆಯಿತು. "ನಾನು ರಾಜ," ಅಂದ ಸೊಗಸುರಾಯ. "ಮೂಗಿಗೆ ಅದು ಗೊತ್ತಾಗಲ್ಲ ಬುದ್ಧೀ," ಅಂದಿತು ಆನೆ.

ಆ ರಾತ್ರಿ ಬೊಳ್ಳ ಕುಡಿಕೆ ಒಡೆದ. ಮೈ ನಡುಗಿತು, ಬೆವರಿತು, ನಿದ್ದೆ ಬರಲಿಲ್ಲ. ಮುದ್ದವ್ವ ಅವನ ಕೈ ಬಿಡಲಿಲ್ಲ. ಮೂರನೇ ದಿನ ಆನೆ ಅವನನ್ನು ಮೂಸಿತು. ಇನ್ನೊಂದು ಸಲ ಮೂಸಿತು. ಆಮೇಲೆ ಸೊಂಡಿಲು ಸುತ್ತಿ ಮೆಲ್ಲಗೆ ಮೇಲೆತ್ತಿ ತನ್ನ ಕುತ್ತಿಗೆಯ ಮೇಲೆ ಕೂರಿಸಿಕೊಂಡಿತು. ಅದನ್ನು ನೋಡಿ ಮುದ್ದವ್ವ ಬಿಕ್ಕಿ ಬಿಕ್ಕಿ ಅತ್ತಳು.

ರಾಜ ಅವತ್ತೂ ಪಾಸಾಗಲಿಲ್ಲ. ಇನ್ನೂ ಹತ್ತು ದಿನ ಸಾಲಲ್ಲಿ ನಿಂತ.

ಮಕ್ಕಳಾ, ತಿಳೀತೇ? ಮಾರುವವನೇ ಬಾಯಿಗಿಡದ್ದನ್ನು ನಾವೂ ಇಡಬಾರದು. ಕುಡಿತ ಬಿಟ್ಟೆ ಅಂತ ಹೇಳಿದರೆ ಸಾಲದು, ಬಿಡಬೇಕು.