ಫಕೀರವ್ವ ಹಾಡು ನಿಲ್ಲಿಸಿದ್ದು

ಬಾಳ ಹಿಂದ, ನಮ್ಮ ಮುತ್ಯಾನ ಮುತ್ಯಾಗೂ ನೆನಪಿರದಷ್ಟು ಹಿಂದ, ಒಂದೂರಾಗ ಫಕೀರವ್ವ ಅಂತ ಒಬ್ಬಾಕಿ ಇದ್ದಳಂತ. ಮಣ್ಣಿನ ನೆಲ ಗಟ್ಟಿ ಆಗಲಿ ಅಂತ ಕೊರಡಿಲೆ ದಿಮ್ಮಸ ಬಡಿಯೋ ಹೆಣ್ಣಮಕ್ಕಳಿಗೆ ಆಕಿನೇ ಹಾಡುಗಾರ್ತಿ. ಆಕಿ ಸೊಲ್ಲು ಎತ್ತಿದರ ಎಲ್ಲಾರ ಕೊರಡೂ ಏಳ್ತಿದ್ದವು, ಇಳಿಸಿದರ ಒಮ್ಮೆಲೆ ಬೀಳ್ತಿದ್ದವು. ಆಕಿ ಹಾಡಿದರ ಹುಡಿಮಣ್ಣೂ ಕಲ್ಲಾಗ್ತಿತ್ತಂತ. ನಾ ನೋಡಿಲ್ಲಪ್ಪಾ, ಹಂಗ ಅಂತಾರ.

ಆ ಊರ ಸಾವ್ಕಾರ ಹತ್ತಿ ಕೂಡಿಡಾಕ ವಖಾರಿ ಕಟ್ಟಸಾಕತ್ತಿದ್ದ. ಹತ್ತಿ ಬರೋದ್ರಾಗ ಇವರು ಅದರ ನೆಲ ಬಡದು ಮುಗಸಬೇಕು. ಬೈದು ನೋಡಿದ, ಕೆಲಸ ಓಡಲಿಲ್ಲ. ಆಮ್ಯಾಲ ಒಂದಿನ ಬಂದು ಹಾಡು ಕೇಳಿ ತಲಿ ತೂಗಿದ, ಫಕೀರವ್ವಗ ಇಳಕಲ್ಲ ಸೀರಿ ಕೊಟ್ಟ. ಕೆಲಸ ಅಂದರ ದೇವರ ಸೇವಾ, ಇಂಥಾ ಹಾಡು ಇನ್ನಷ್ಟು ಚುರುಕಾಗಿ ಕೇಳಬೇಕು ಅಂದನಂತ. ಬೈತಿದ್ದಂವಗ ಹಾಡಿನ ಮ್ಯಾಲ ಒಮ್ಮೆಲೆ ಇಷ್ಟು ಪ್ರೀತಿ ಎಲ್ಲಿಂದ ಬಂತು? ನನಗಂತೂ ಗುಮಾನಿ. ಆದರ ಫಕೀರವ್ವ ಹಿಗ್ಗಿದಳು. ಹಾಡು ಚುರುಕಾತು, ಕೊರಡೂ ಚುರುಕಾದವು.

ಆ ಸಾಲಿನಾಗ ಆಕಿ ತಂಗಿ ಕರೆವ್ವ ಇದ್ದಳು, ತುಂಬಿದ ಬಸುರಿ. ನಡುವ ಒಬ್ಬಾಕಿ ತಾಳ ತಪ್ಪಿದರ ಮಗ್ಗಲದಾಕಿ ಕಾಲ ಮ್ಯಾಲ ಕೊರಡು ಬೀಳತೈತಿ. ಅದಕ್ಕ ಕರೆವ್ವ ತಡಕೊಂಡು ಬಡದಳು, ಬಡದಳು, ಕಡೀಕ ಅಲ್ಲೇ ಕುಸಿದಳು.

ಫಕೀರವ್ವ ಹಾಡು ನಿಲ್ಲಿಸಿಬಿಟ್ಟಳು. ಎತ್ತಿದ ಕೊರಡು ಎತ್ತಿದಂಗ ಗಾಳ್ಯಾಗ ನಿಂತುವು ಅಂತಾರ. ಸಾವ್ಕಾರ ಓಡಿಬಂದ. ತಂಗೀನ ನೆರಳಿಗೆ ಒಯ್ಯಸ್ತೀನಿ, ಆಕಿ ಕೈಗೆ ಬಸುರಿನ ಬಳಿ ಇಡಸ್ತೀನಿ, ನೀ ಹಾಡವ್ವಾ ಅಂದ. ಬಾಯಿ ಹಂಗಂತಿತ್ತು, ಕಣ್ಣು ಮಾತ್ರ ಅರ್ಧ ಆಗಿದ್ದ ನೆಲದ ಮ್ಯಾಲಿತ್ತು. ಫಕೀರವ್ವ ಅದನ್ನ ನೋಡಿದಳು.

"ಸಾವ್ಕಾರ್ರ, ನನ್ನ ಹಾಡು ಅಷ್ಟು ಚಂದಿದ್ದರ ಕುಂತು ಕೇಳ್ರಿ. ನನ್ನ ತಂಗಿ ಉಸಿರಿನಷ್ಟು ಸಾವಕಾಶ ಹಾಡತೀನಿ."

ತಂಗಿ ತಲಿ ತೊಡಿ ಮ್ಯಾಲ ಇಟಗೊಂಡು ಹಾಡಿದಳು. ಒಂದು ಸೊಲ್ಲು ಮುಗಿಯೋದ್ರಾಗ ಸಾವ್ಕಾರಗ ಕುಂಡ್ರಾಕ ಆಗಲಿಲ್ಲ.

"ಹಾಡು ಯಾರಿಗೆ ಬೇಕಾಗೇತಿ? ಕೈ ಓಡಸ್ರಿ!" ಅಂದುಬಿಟ್ಟ.

ಎಲ್ಲಾರೂ ಕೇಳಿಸಿಕೊಂಡರು. ಕೊರಡು ಕೆಳಗಿಟ್ಟು ಕರೆವ್ವನ್ನ ಎತಗೊಂಡು ಮನಿಗೆ ನಡದರು. ಕರೆವ್ವ ಉಳಿದಳು, ಕೂಸು ಉಳೀಲಿಲ್ಲ. ನನ್ನ ಹಾಡ ಅದನ್ನ ತಿಂತು ಅಂತ ಫಕೀರವ್ವ ಸಾಯೋತನಕ ಅತ್ತಳಂತ. ವಖಾರಿ ನೆಲ ಯಾರು ಬಡದರೂ ಗಟ್ಟಿ ಕೂಡಲಿಲ್ಲ ಅಂತಾರ, ಅದನ್ನ ನೀವು ನಂಬ್ರಿ, ಬಿಡ್ರಿ.

ಆದರ ಇದನ್ನ ನನ್ನ ಕಣ್ಣಾರೆ ನೋಡೇನಿ. ಇವತ್ತಿಗೂ ಆ ಕಡೆ ಹೆಣ್ಣಮಕ್ಕಳು ಕೂಡಿ ಕೆಲಸಕ್ಕ ನಿಂತರ, ಚಂದ ಹಾಡೋದು ಯಾರು ಅಂತ ಕೇಳೂದಿಲ್ಲ. ಎಲ್ಲಾರಕಿಂತ ದಣಿದಾಕಿ ಯಾರದಾಳ ಅಂತ ಹುಡುಕತಾರ. ಹಾಡು ಆಕಿನೇ ಎತ್ತಬೇಕು, ಉಳಿದವರ ಕೈ ಆಕಿ ಹಿಂದ ನಡೀಬೇಕು.