ಕಡೆಯ ಸೊಲ್ಲಿನ ಹೆಸರು

ಶಿಷ್ಯ ಬಸವಂತ ಕೇಳಿದ: "ಗುರುಗಳೇ, ಪಟ್ಟಣದ ಹಾಡುಗಾರರ ಸಂಘದವರು ನನ್ನನ್ನು ಕೆಲಸಕ್ಕೆ ಕರೆದಿದ್ದಾರೆ. ಯಾರ ಹಾಡನ್ನು ಎಲ್ಲಿ ಹಾಡಿದರೂ, ಹಾಡಿಸಿದವರಿಂದ ಹಣ ತಂದು ಹಾಡು ಕಟ್ಟಿದವರಿಗೆ ಹಂಚುವ ಸಂಘ. ಯಾರಿಗೆ ಎಷ್ಟು ಎಂದು ನಾನು ಬರೆದಿಡಬೇಕು. ನಿಯಮ ಮಾಡುವವರು ಅವರು, ಅದರಂತೆ ಬರೆಯುವವನು ನಾನು. ಹೀಗೆ ಬರೆದವನಿಗೆ ಪಾಪ ತಟ್ಟುತ್ತದೆಯೇ?"

ಗುರುಗಳು ನಕ್ಕರು. "ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಪಾಪ ಬಂದರೆ ನಿಯಮಕ್ಕೆ ಬರಲಿ, ಸಂಬಳ ಬಂದರೆ ನನಗೆ ಬರಲಿ. ಅಲ್ಲವೇನಯ್ಯ? ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಬಸವಂತ ಕೂತ. ಗುರುಗಳು ಹೇಳತೊಡಗಿದರು.

ಒಂದು ಸೀಮೆಯಲ್ಲಿ ಹಾಡು ಕಟ್ಟುವವರಿದ್ದರು. ಅವರ ಹಾಡಿಲ್ಲದೆ ಅಲ್ಲಿ ಮದುವೆ ನಡೆಯುತ್ತಿರಲಿಲ್ಲ, ಕೂಸು ಮಲಗುತ್ತಿರಲಿಲ್ಲ. ಆದರೆ ಕಟ್ಟಿದವರಿಗೆ ಏನಾದರೂ ಕೊಡಬೇಕೆಂದು ಹೆಚ್ಚಿನವರಿಗೆ ನೆನಪಾಗುತ್ತಿರಲಿಲ್ಲ. ಹಾಡಿಗೇನು ಬೆಲೆ, ಗಾಳಿಯಲ್ಲಿ ಬಂದದ್ದು ಎನ್ನುತ್ತಿದ್ದರು. ಒಬ್ಬನೇ ಹಾಡುಗಾರ ಎಷ್ಟು ಬಾಗಿಲು ತಟ್ಟಿಯಾನು? ಕಡೆಗೆ ಎಲ್ಲರೂ ಸೇರಿ ಒಂದು ಕೂಟ ಕಟ್ಟಿಕೊಂಡರು. ಅದು ಒಳ್ಳೆಯ ಕೆಲಸ. ಇವತ್ತಿಗೂ ನಾನು ಅದನ್ನು ಒಳ್ಳೆಯದೆಂದೇ ಹೇಳುತ್ತೇನೆ.

ಎಲ್ಲರೂ ಏಕತಾರಿಯ ಮೇಲೆ ಕೈಯಿಟ್ಟು ಮಾತು ಕೊಟ್ಟರು. ಇನ್ನು ಮುಂದೆ ನಮ್ಮ ಹಾಡುಗಳೆಲ್ಲ ಕೂಟದವು. ಹಾಡಿಸಿದ ಮನೆಯಿಂದ ಕೂಟವೇ ಎರಡು ಸೇರು ಜೋಳ ಅಳೆದು ತರಲಿ, ಸುಗ್ಗಿಗೊಮ್ಮೆ ನಮಗೆ ಹಂಚಲಿ. ನಾವಾಗಿ ಯಾರ ಮನೆಯಲ್ಲೂ ಕೈಯೊಡ್ಡುವುದಿಲ್ಲ ಎಂದರು.

ಹಾಡು ಯಾರದೆಂದು ತಿಳಿಯುವುದು ಹೇಗೆ? ಹಾಡು ಕಟ್ಟಿದವನು ಕಡೆಯ ಸೊಲ್ಲಿನಲ್ಲಿ ತನ್ನ ಹೆಸರಿಡುವುದು ಆ ಸೀಮೆಯ ರೂಢಿ. ಹಾಗಾಗಿ ನಿಯಮ ಸುಲಭವಾಯಿತು. ಕಡೆಯ ಸೊಲ್ಲಿನಲ್ಲಿ ಯಾರ ಹೆಸರಿದೆಯೋ ಪಾಲು ಅವರದು. ಅದನ್ನು ಬರೆದುಕೊಳ್ಳಲು ಕೂಟದವರು ಒಬ್ಬನನ್ನು ಇಟ್ಟುಕೊಂಡರು. ಅವನು ಹಾಡು ನಡೆಯುವ ಮನೆಗಳಿಗೆ ಹೋಗಿ, ಒಂದು ಮೂಲೆಯಲ್ಲಿ ಕೂತು, ಕಡೆಯ ಸೊಲ್ಲು ಕೇಳಿ ಹೆಸರು ಬರೆಯುತ್ತಿದ್ದ. ಅಕ್ಷರ ದುಂಡಗಿದ್ದವು. ಅದರ ಮೇಲೆ ಅವನಿಗೆ ಸ್ವಲ್ಪ ಜಂಬವೂ ಇತ್ತು.

ನಿಯಮ ಮಾಡಿದವರು ಮದುವೆ ಹಾಡಿನವರು. ಕೆಟ್ಟವರಲ್ಲ. ಸಾವಿನ ಮನೆಯಲ್ಲಿ ಹಾಡಿದವರೂ ಅಲ್ಲ.

ಸಾವಿನ ಮನೆಯ ಹಾಡು ಕಟ್ಟುತ್ತಿದ್ದವಳು ಒಬ್ಬ ವಿಧವೆ. ಅವಳ ಹಾಡು ನಲವತ್ತು ಹಳ್ಳಿಯ ಹೆಂಗಸರ ಬಾಯಲ್ಲಿತ್ತು. ಅವಳೂ ಏಕತಾರಿಯ ಮೇಲೆ ಕೈಯಿಟ್ಟಿದ್ದಳು. ಆದರೆ ಸಾವಿನ ಹಾಡಿನ ಕಡೆಯ ಸೊಲ್ಲಿನಲ್ಲಿ ಕಟ್ಟಿದವರ ಹೆಸರು ಬರುವುದಿಲ್ಲ, ಸತ್ತವರ ಹೆಸರು ಬರುತ್ತದೆ. ಆ ಹೆಸರು ಹಿಡಿದು ಕರೆದ ಮೇಲೆಯೇ ಹೆಣ ಎತ್ತುವುದು. ಬರೆಯುವವನು ನಿಯಮದಂತೆ ಸತ್ತವರ ಹೆಸರು ಬರೆದ. ಎದುರಿಗೆ ಎರಡು ಸೇರು ಎಂದು ಬರೆದ. ಸತ್ತವರು ಪಾಲು ಕೇಳಲು ಬರುತ್ತಾರೆಯೇ? ಮೂರು ಸುಗ್ಗಿ ಕಾದು, ಯಾರೂ ಕೇಳದ ಜೋಳವನ್ನು ಕೂಟದವರು ಪಾಲುಳ್ಳವರಿಗೆ ಹಂಚಿಬಿಟ್ಟರು. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎನ್ನುತ್ತಾರಲ್ಲ, ಅದೇ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕೂಟ ಬರುವ ಮೊದಲು, ಸತ್ತವರ ದಿನ ಕಳೆದ ಮೇಲೆ ಆ ಮನೆಯವರು ಅವಳ ಸೆರಗಿಗೆ ಒಂದಿಷ್ಟು ಜೋಳ ಹಾಕುತ್ತಿದ್ದರು. ಈಗ ಕೂಟಕ್ಕೆ ಕೊಟ್ಟಾಯಿತಲ್ಲ ತಾಯಿ ಎಂದರು. ಅವರದೇನು ತಪ್ಪು? ಅವಳಿಗೆ ಒಬ್ಬಳೇ ಮಗಳು, ಸಂಕವ್ವ. ಹಾಸಿಗೆ ಹಿಡಿದಿದ್ದಳು. ಹೊಟ್ಟೆಗೆ ಸರಿಯಾಗಿ ಬಿದ್ದರೆ ಎದ್ದು ಓಡಾಡುತ್ತಾಳೆ ಎಂದು ವೈದ್ಯ ಹೇಳಿದ್ದ. ಮನೆಯಲ್ಲಿ ಗಂಜಿಗೂ ಕಾಳಿರಲಿಲ್ಲ.

ಅವಳು ಕೂಟದ ಸಭೆಗೆ ಬಂದಳು. ಸಭೆಯಲ್ಲಿ ಪಾಲುಳ್ಳವರು ಮಾತ್ರ ಕೂರಬಹುದು. ಹೆಚ್ಚು ಪಾಲು ಬಂದವರ ಮಾತಿಗೆ ಹೆಚ್ಚು ತೂಕ. ಅವಳು ಬಾಗಿಲ ಹತ್ತಿರ ನಿಂತಳು. ಯಜಮಾನ ಮರ್ಯಾದಸ್ಥ. ಅವಳಿಗೆ ಬೆಲ್ಲ, ನೀರು ಕೊಡಿಸಿದ.

"ತಂಗೀ, ನಿಯಮ ಬದಲಿಸಬೇಕಾದರೆ ಪಾಲುಳ್ಳವರು ಎದ್ದು ಕೇಳಬೇಕು" ಎಂದ.

"ಪಾಲು ಬರಲಿಲ್ಲವೆಂದೇ ಕೇಳಲು ಬಂದೆನಣ್ಣ" ಎಂದಳು ಅವಳು. "ಆಗದಿದ್ದರೆ ನನ್ನ ಹಾಡು ನನಗೆ ವಾಪಸು ಕೊಡಿ. ಮೊದಲಿನ ಹಾಗೆ ಸೆರಗೊಡ್ಡಿ ಬದುಕುತ್ತೇನೆ."

"ಏಕತಾರಿ ಮುಟ್ಟಿ ಕೊಟ್ಟದ್ದನ್ನು ವಾಪಸು ಕೇಳಬಾರದು" ಎಂದ ಯಜಮಾನ. ನಿಜವಾಗಿಯೂ ನೊಂದುಕೊಂಡೇ ಹೇಳಿದ. ಆಮೇಲೆ ಸಭೆ ಮುಂದಿನ ಮಾತಿಗೆ ಹೋಯಿತು.

ಬರೆಯುವವನು ಅವಳ ಹಿಂದೆಯೇ ಹೊರಗೆ ಬಂದ. "ತಾಯಿ, ಮುಂದಿನ ಸಲ ಕಡೆಯ ಸೊಲ್ಲಿನಲ್ಲಿ ನಿನ್ನ ಹೆಸರು ಹಾಡಿಬಿಡು. ನನ್ನ ಕಿವಿಗೆ ಬಿದ್ದರೆ ಸಾಕು, ಬರೆಯುತ್ತೇನೆ" ಎಂದ. ತಾನು ದೊಡ್ಡ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡ, ಮೂರ್ಖ.

ಅವಳು ಹೇಳಿದಳು: "ಸತ್ತವರು ಹೊಸಿಲಲ್ಲಿ ನಿಂತು ತಮ್ಮ ಹೆಸರಿಗೆ ಕಾಯುತ್ತಿರುತ್ತಾರಪ್ಪ. ಅಲ್ಲಿ ನನ್ನ ಹೆಸರು ಹೇಳಿದರೆ ಅವರು ಎಲ್ಲಿಗೆ ಹೋಗಬೇಕು?"

ಆದರೂ ಮನೆಯಲ್ಲಿ ಮಗಳಿದ್ದಳು. ಒಬ್ಬ ಗಾಣಿಗ ತೀರಿಕೊಂಡಾಗ ಅವಳು ಹಾಡಲು ಬಂದವಳು, ಇವತ್ತು ನನ್ನ ಹೆಸರೇ ಆಗಲಿ ಎಂದು ಬರೆಯುವವನ ಕಡೆ ನೋಡಿದಳು. ಅವನು ಲೇಖನಿ ಹಿಡಿದು ಕೂತ. ಕಡೆಯ ಸೊಲ್ಲು ಬಂತು. ಗಾಣಿಗನ ಹೆಂಡತಿ ಅವಳ ಬಾಯನ್ನೇ ನೋಡುತ್ತಿದ್ದಳು. ತನ್ನ ಹೆಸರು ಹೇಳಲು ಹಾಡುವವಳಿಂದ ಆಗಲಿಲ್ಲ. ಗಾಣಿಗನ ಹೆಸರನ್ನೇ ಹಾಡಿದಳು. ಬರೆಯುವವನು ಅದನ್ನೇ ಬರೆದ.

ಮುಂದಿನ ಸುಗ್ಗಿಗೆ ಇನ್ನೂ ಒಂದು ತಿಂಗಳಿರುವಾಗ ಸಂಕವ್ವ ಸತ್ತಳು. ಬರೆಯುವವನು ಅಲ್ಲಿಗೂ ಹೋದ. ಹೋಗುವುದು ಅವನ ಕೆಲಸ. ತಾಯಿ ಮಗಳ ತಲೆಯ ಹತ್ತಿರ ಕೂತು ಹಾಡಿದಳು. ನಡುನಡುವೆ ದನಿ ನಿಂತುಹೋಗುತ್ತಿತ್ತು. ಸುತ್ತ ಕೂತ ಹೆಂಗಸರು ಎತ್ತಿಕೊಂಡು ಮುಂದುವರಿಸುತ್ತಿದ್ದರು. ಕಡೆಯ ಸೊಲ್ಲನ್ನು ಅವಳೊಬ್ಬಳೇ ಹಾಡಬೇಕೆಂದು ಅವರು ಸುಮ್ಮನಾದರು. ಅವಳು ಬರೆಯುವವನ ಮುಖವನ್ನು ಒಂದು ಸಲ ನೋಡಿದಳು. ಸಂಕವ್ವ ಎಂದು ಕರೆದಳು. ಹೆಣ ಎತ್ತಿದರು.

ಬರೆಯುವವನು ಪುಸ್ತಕ ತೆಗೆದು, ಸಂಕವ್ವ, ಎರಡು ಸೇರು ಎಂದು ಬರೆದ. ಹಾಡು ನಡೆದ ಮನೆಯವರು ಕೂಟಕ್ಕೆ ಎರಡು ಸೇರು ಕೊಡಬೇಕಲ್ಲ. ಆ ಮನೆಯಲ್ಲಿ ಅದು ಇರಲಿಲ್ಲ. ಸಂಕವ್ವನ ತಾಯಿಯ ಮೇಲೆ ಬಾಕಿ ಎಂದು ಅದನ್ನೂ ಬರೆದ. ನಿಯಮದ ಪ್ರಕಾರ ಒಂದಕ್ಷರವೂ ತಪ್ಪಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಬಸವಂತನ ಕಣ್ಣು ತುಂಬಿತ್ತು. ಅವನು ಕೇಳಿದ: "ಗುರುಗಳೇ, ಆ ತಾಯಿಯ ಹೆಸರೇನು?"

"ಹನ್ನೆರಡು ವರ್ಷ ಆ ಪುಸ್ತಕ ಬರೆದವನು ನಾನೇ ಬಸವಂತ, ಒಂದು ದಿನವೂ ಕೇಳಲಿಲ್ಲ."