ಠಣ್ ಎಂದ ತಾಮ್ರ

ತುಂಗಭದ್ರೆಯ ದಂಡೆಯ ಮೇಲೆ ಒಂದು ಆಶ್ರಮವಿತ್ತು. ಅಲ್ಲಿ ಜಪಕ್ಕಿಂತ ಸುತ್ತಿಗೆಯ ಸದ್ದೇ ಹೆಚ್ಚು. ಗುರು ಪಂಪಣ್ಣಜ್ಜನವರು ಶಿಷ್ಯರಿಗೆ ಮಂತ್ರ ಹೇಳಿಕೊಡುತ್ತಿರಲಿಲ್ಲ, ತಾಮ್ರ ಬಡಿಯುವುದನ್ನು ಕಲಿಸುತ್ತಿದ್ದರು. ಬೇಕಾದವರು ಅದರಲ್ಲೇ ಮಂತ್ರ ಹುಡುಕಿಕೊಳ್ಳಬಹುದಿತ್ತು.

ಅಜ್ಜನವರ ಗುರುಗಳು ನೀರು ಕುಡಿಯುತ್ತಿದ್ದ ಕೊಡ ಸವೆದು ತೂತಾಗಿತ್ತು. ಅದನ್ನು ಕರಗಿಸಿ, ಬಿಲ್ಲೆ ಎರೆದು, ಮತ್ತೆ ಕೊಡವಾಗಿ ಬಡಿಯುವ ಕೆಲಸ ಮೌನೇಶನ ಪಾಲಿಗೆ ಬಂತು. ಉಳಿದ ಶಿಷ್ಯರಿಗೆ ಹೊಟ್ಟೆ ಉರಿಯಿತು.

ಮೌನೇಶನಿಗೆ ನೆಲ ಕಾಣದಷ್ಟು ಹುಮ್ಮಸ್ಸು. ಊಟ ಬಿಟ್ಟ, ನಿದ್ದೆ ಬಿಟ್ಟ. ಊಟಕ್ಕೆ ಕರೆಯಲು ಬಂದ ಅಡುಗೆಯ ಗಂಗವ್ವನ ಮೇಲೂ ಹರಿಹಾಯ್ದ. ಪಾಪ, ಆಕೆ ಮಾಡಿದ ತಪ್ಪು ಬಿಸಿ ರೊಟ್ಟಿ ತಂದದ್ದು.

ಮೊದಮೊದಲು ದಬ್ ದಬ್ ಎನ್ನುತ್ತಿದ್ದ ತಾಮ್ರ, ಬಡಿಯುತ್ತ ಹೋದಂತೆ ಠಣ್ ಎನ್ನತೊಡಗಿತು.

ಆ ದಾರಿಯಲ್ಲಿ ಹೋಗುತ್ತಿದ್ದ ಅಜ್ಜನವರು ಒಂದು ಗಳಿಗೆ ನಿಂತು, "ದನಿ ಬಂತು" ಎಂದು ಮುಂದೆ ನಡೆದರು.

ಮೌನೇಶ ಉಬ್ಬಿಹೋದ. ಬಡಿಯುವ ನಡುನಡುವೆ ಕೊಡವನ್ನು ಬೆಂಕಿಯಲ್ಲಿಟ್ಟು ಕಾಯಿಸುವುದು ವಾಡಿಕೆ, ಆದರೆ ಈಗ ಕಾಯಿಸಿದರೆ ಆ ದನಿ ಹೋಗುತ್ತದೆ. ಬಂದ ದನಿಯನ್ನು ಯಾರಾದರೂ ಕಳೆದುಕೊಳ್ಳುತ್ತಾರೆಯೇ? ಕಾಯಿಸದೆಯೇ ಬಡಿದ.

ಮರುದಿನ ಮುಂಜಾನೆ ಕೊಡದ ಬಾಯಿ ಸೀಳಿತು.

ಕೆಲಸ ಕೆಡಿಸಿದವನು ಗುರುವಿನ ಮುಂದೆ ಸುತ್ತಿಗೆ ಇಟ್ಟು ಹೊರಡಬೇಕೆಂಬುದು ಅಲ್ಲಿಯ ಕಟ್ಟಳೆ. ಗುರು ಅದನ್ನು ಎತ್ತಿ ಕೈಗೆ ಕೊಟ್ಟರೆ ಉಳಿಯಬಹುದು, ಕೊಡದಿದ್ದರೆ ಇಲ್ಲ.

ಮೌನೇಶ ಗಂಟು ಕಟ್ಟಿದ. ಒಡೆದ ಕೊಡವನ್ನೂ ಸುತ್ತಿಗೆಯನ್ನೂ ಅಜ್ಜನವರ ಮುಂದಿಟ್ಟ.

"ಗಂಟು ಯಾಕೋ?"

"ಹಿರೀ ಅಜ್ಜಾರ ತಾಮ್ರ ಕೆಡಿಸೀನ್ರಿ."

"ಹೌದನು? ಬಿಲ್ಲೆ ಎರೆದಾಗ ಉಳಿದ ತುಣುಕು ಐತೇನು? ತಗೊಂಡು ಬಾ."

ತಂದ. ಅಜ್ಜನವರು ಸೀಳಿದ ಬಾಯಿಂದಲೂ ಒಂದು ಪಟ್ಟಿ ಕತ್ತರಿಸಿದರು.

"ಎರಡನ್ನೂ ಬಗ್ಗಿಸು."

ಬಡಿಯದ ತುಣುಕು ದಪ್ಪಗಿದ್ದರೂ ಹೇಳಿದ ಮಾತು ಕೇಳಿತು. ಬಡಿದ ಪಟ್ಟಿ ತೆಳ್ಳಗಿದ್ದರೂ ಜಗ್ಗಲಿಲ್ಲ. ಜೋರು ಮಾಡಿದಾಗ ಪಟ್ಟೆಂದು ಮುರಿಯಿತು. ಅಜ್ಜನವರು ಮೊದಲಿನ ತುಣುಕಿಗೆ ಉಳಿಯಿಂದ ಗಾಯ ಮಾಡಿ, ಹಿಂದೆ ಮುಂದೆ ಬಗ್ಗಿಸಿ ಅದನ್ನೂ ಮುರಿದರು.

"ಒಳಗೇನು ಕಾಣತೈತಿ?"

ಮೌನೇಶ ಬಿಸಿಲಿಗೆ ಹಿಡಿದು ನೋಡಿದ. "ಬಡೀದಿದ್ದರಾಗ ಹರಳು ಅದಾವ್ರಿ. ನುಚ್ಚಿನಂಗ ದಪ್ಪ. ಬಡಿದಿದ್ದು ಹಿಟ್ಟಿನಂಗ ನುಣ್ಣಗ ಐತಿ." ಅವನ ದನಿ ಇಳಿಯಿತು. "ಬಡಿದು ಬಡಿದು ಪುಡಿ ಮಾಡೀನ್ರಿ ಅಜ್ಜಾರ."

"ಪುಡಿ ಆಗಿದ್ದರ ಉದುರತಿತ್ತು. ಉದುರೇತೇನು?"

"ಇಲ್ರಿ."

"ಹರಳು ಸಣ್ಣ ಆದಷ್ಟೂ ತಾಮ್ರ ಗಟ್ಟಿ. ನಿನ್ನ ಪೆಟ್ಟು ಒಂದೂ ವ್ಯರ್ಥ ಹೋಗಿಲ್ಲ."

"ಮತ್ತ ಯಾಕ ಸೀಳಿತ್ರಿ?"

ಅಜ್ಜನವರು ಕೊಡವನ್ನು ಕೆಂಡದಲ್ಲಿಟ್ಟರು. ಅದು ಕೆಂಪಾಗುತ್ತಲೇ ಇಕ್ಕಳದಿಂದ ಎತ್ತಿ ನೀರಿಗೆ ಹಾಕಿದರು. ಸುಯ್ ಎಂದಿತು.

"ಈಗ ತಟ್ಟಿ ನೋಡು."

ದಬ್.

"ದನಿ ಹೋತ್ರಿ" ಎಂದ ಮೌನೇಶ. ಅವನಿಗೆ ಅಳುವೇ ಬಂತು.

"ಬಗ್ಗಿಸು."

ಕೊಡದ ಅಂಚು ಬೆರಳಿಗೆ ಮಣಿಯಿತು. ಮೌನೇಶ ಬೆರಳನ್ನೂ ಅಂಚನ್ನೂ ನೋಡುತ್ತ ಕುಳಿತ. ಎಷ್ಟೋ ಹೊತ್ತಿನಿಂದ ಬಿಗಿಹಿಡಿದಿದ್ದ ಉಸಿರು ತಾನಾಗಿ ಹೊರಬಂತು.

"ಹಂಗಾರ ಬೆಂಕಿಯೊಳಗ ಇನ್ನಷ್ಟು ಹೊತ್ತು ಬಿಡಬೇಕಿತ್ತೇನ್ರಿ?"

"ಬಿಟ್ಟರ ಹರಳು ಮತ್ತ ನುಚ್ಚಾಗತಾವ. ಬಡಿದಿದ್ದು ನೀರಾಗ ಹೋಮ. ಕೆಂಪಾತು, ತಗಿ. ಅಷ್ಟ."

"ಸೀಳಿದ ಬಾಯಿ?"

"ಕತ್ತರಿಸಿ ಹಾಕು. ಕುತ್ತಿಗಿ ಗಿಡ್ಡ ಆಗತೈತಿ. ನಮ್ಮ ಅಜ್ಜಾರ ಕುತ್ತಿಗೀನೂ ಗಿಡ್ಡನ ಇತ್ತು."

ಮೌನೇಶನಿಗೆ ನಗು ಬಂತು. ಆಶ್ರಮದಲ್ಲಿ ಅವನು ನಕ್ಕು ಬಹಳ ದಿನವಾಗಿತ್ತು.

"ನೀವು ದನಿ ಬಂತು ಅಂದ್ರಿ. ನಾ ಹೊಗಳಿದ್ರಿ ಅಂದ್ಕೊಂಡೆ."

"ದನಿ ಬಂತು ಅಂದರ ತಾಮ್ರ ಬೆಂಕಿ ಕೇಳಾಕತ್ತೈತಿ ಅಂತ. ಅದನ್ನ ಬಿಡಿಸಿ ಹೇಳಲಿಲ್ಲ, ಅದು ನನ್ನ ತಪ್ಪು. ಅವತ್ತು ಗಂಗವ್ವನ ಮ್ಯಾಲೆ ನಿನ್ನ ದನೀನೂ ಠಣ್ ಅಂದಿತ್ತು. ಅದನ್ನೂ ಕೇಳಿ ಸುಮ್ಮನಾದೆ."

ಮೌನೇಶ ತಲೆ ತಗ್ಗಿಸಿದ. ನಾಚಿಕೆಯಾಯಿತು, ಆದರೆ ಅದರ ಜೊತೆಗೆ ಎದೆಯ ಮೇಲಿನ ಗುಂಡುಕಲ್ಲು ಇಳಿದಂತೆಯೂ ಆಯಿತು. ಗಂಟು ಬಿಚ್ಚಲು ಕೈ ಹಾಕಿದವನಿಗೆ ಕಟ್ಟಳೆ ನೆನಪಾಯಿತು. ಅಂಗೈ ಚಾಚಿದ.

ಅಜ್ಜನವರು ಸುತ್ತಿಗೆಯನ್ನು ಎತ್ತಿ ತಮ್ಮ ತೊಡೆಯ ಕೆಳಗೆ ಇಟ್ಟುಕೊಂಡರು.

ಮೌನೇಶನ ಮುಖ ಬಿಳುಚಿತು. "ಅಜ್ಜಾರ, ನಾ ಹೋಗಬೇಕೇನ್ರಿ?"

"ಹೂಂ, ಹೋಗು. ಗಂಗವ್ವ ರೊಟ್ಟಿ ಮುಚ್ಚಿಟ್ಟಾಳ, ಉಂಡು ಮಲಗು. ಸುತ್ತಿಗಿ ಈಗ ಕೈಗೆ ಕೊಟ್ಟರ ನೀ ಮತ್ತ ಬಡಿಯಾಕ ಕುಂದರತೀ. ನಾಳೆ ಬಂದು ಇಸ್ಕೋ."